ಹಿತ್ತಿಲ ಬಾಗಿಲ ಚಿಲಕ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮ ಬೀದಿಯ ಹೆಂಗಸರಿಗೆ ಯೇಸುವೊಬ್ಬನನ್ನು ಬಿಟ್ಟು ಮಿಕ್ಕೆಲ್ಲವೂ ನೆನಪಿರುತ್ತದೆ. ಹಬ್ಬಕ್ಕೆ ಮುಂಚಿನ ಒಂಬತ್ತು ಸಂಜೆಯೂ ಒಂದೊಂದು ಮನೆಯಲ್ಲಿ ಪೊಸಾದಾ, ಆ ವರ್ಷ ಏಳನೇ ಸಂಜೆಯದು ಹಸಿಂತಾಳ ಮನೆಯಲ್ಲಿ. ಮರಿಯ ಮಾತೆ, ಸಂತ ಜೋಸೆಫರ ವೇಷದ ಮಕ್ಕಳನ್ನು ಮುಂದಿಟ್ಟುಕೊಂಡು ಊರವರು ಮೇಣದಬತ್ತಿ ಹಿಡಿದು ಬರುತ್ತಾರೆ, ಬಾಗಿಲು ಬಡಿದು ತಂಗಲು ಜಾಗ ಕೇಳಿ ಹಾಡುತ್ತಾರೆ. ಒಳಗಿನವರು 'ಜಾಗ ಇಲ್ಲ, ಹೋಗಿ' ಎಂದು ಹಾಡಿನಲ್ಲೇ ಗದರಿ, ಕೊನೆಗೆ ಬಾಗಿಲು ತೆಗೆಯಬೇಕು. ಆಮೇಲೆ ಊಟ. ಹಸಿಂತಾಳ ಜೀವವೆಲ್ಲ ಆ ಊಟದ ಮೇಲೇ ಇತ್ತು. ಬೆಳಗಿನಿಂದ ಮುಸುಕಿನ ಜೋಳದ ಹಿಟ್ಟು ನಾದಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ತಮಾಲೆ ಕಡುಬು ಬೇಯಿಸುತ್ತಲೇ ಇದ್ದಳು.

ಮಧ್ಯಾಹ್ನ ಮಗಳು ಮಿರೆಯಾ ಬಂದು ಏಪ್ರನ್ ಜಗ್ಗಿದಳು. ಎಂಟು ವರ್ಷದ ಹುಡುಗಿ, ಈ ಸಲದ ಮರಿಯ ಮಾತೆ ಅವಳೇ.

"ಅಮ್ಮಾ, ಎದೆ ಬಿಗೀತಿದೆ."

"ಹಬ್ಬದ ಖುಷಿಗೆ ಬಿಗಿಯುತ್ತೆ. ಕೊಡಿಲ್ಲಿ ಆ ಪಂಪು. ಮಾತೆಯ ನೀಲಿ ಉಡುಪಿಗೆ ಜೇಬಿಲ್ಲ, ಎಲ್ಲಾದ್ರೂ ಬೀಳಿಸ್ತೀಯ." ಉಬ್ಬಸದ ಪಂಪನ್ನು ಕಿತ್ತುಕೊಂಡು ಹಸಿಂತಾ ತನ್ನ ಏಪ್ರನ್ ಜೇಬಿಗೆ ಇಳಿಸಿದಳು. "ನಡಿ ದೇವಾಲಯಕ್ಕೆ. ಮೆರವಣಿಗೆ ಜೊತೆಗೇ ಬಾ."

"ಅಮ್ಮಾ, ಒಂದ್ನಿಮಿಷ ಕೇಳು..."

"ಕೆಲಸ ಮುಗೀಲಿ, ಆಮೇಲೆ ಕೇಳ್ತೀನಿ."

ಮಗಳು ಹೋದದ್ದೇ ಹಿತ್ತಿಲ ಬಾಗಿಲಿಗೆ ಚಿಲಕ ಬಿತ್ತು. ಅದು ಪಕ್ಕದ ಮನೆಯ ಕಸಿಲ್ದಾ ಅಜ್ಜಿ ನುಸುಳದಿರಲೆಂದು. ಹೋದ ವರ್ಷ ಎಲ್ಲರೆದುರು 'ತಮಾಲೆಗೆ ಉಪ್ಪೇ ಇಲ್ಲ' ಎಂದ ಮುದುಕಿಯನ್ನು ಹಸಿಂತಾ ಈ ಸಲ ಕರೆದಿರಲಿಲ್ಲ.

ಹೊತ್ತು ಇಳಿಯುವಾಗ ಆ ಬಾಗಿಲು ಬಡಿದ ಸದ್ದು. ಮೆಲ್ಲಗೆ, ಬಿಟ್ಟು ಬಿಟ್ಟು.

"ಬಂದ್ಲು ನೋಡಿ ಅತ್ತಿಗೆ, ಉಪ್ಪಿನಜ್ಜಿ!" ಎಂದಳು ನಾದಿನಿ ತೋಮಾಸಾ.

ಹಸಿಂತಾ ಸೌಟು ಎತ್ತಿ ಪೊಸಾದಾ ರಾಗದಲ್ಲೇ ಹಾಡಿದಳು. "ಜಾಗ ಇಲ್ಲ, ಜಾಗ ಇಲ್ಲ, ಮುಂದಿನ ಮನೆ ನೋಡಿಕೋ!" ಇಬ್ಬರೂ ಬಿದ್ದು ಬಿದ್ದು ನಕ್ಕರು. ಇನ್ನೊಂದು ಸಲ ಬಡಿದ ಸದ್ದಾಯಿತು. ಆಮೇಲೆ ನಿಂತಿತು.

ಸ್ವಲ್ಪ ಹೊತ್ತಿಗೆ ಮೆರವಣಿಗೆ ಬಂತು. ಹಾಡಿನ ಮೇಲೆ ಹಾಡು ಮುಗಿದು, ಹಸಿಂತಾ ಬೀಗುತ್ತಾ ಮುಂಬಾಗಿಲು ತೆಗೆದಳು. ಮರಿಯ ಮಾತೆಯ ನೀಲಿ ಶಾಲು ಸರಿಯಿತು. ಒಳಗಿದ್ದದ್ದು ಬೇಕರಿಯವನ ಮಗಳು.

"ಮಿರೆಯಾ ಎಲ್ಲೇ?"

"ಆಗ್ಲೇ ಮನೆಗೆ ಬಂದ್ಲಲ್ಲ, ಅತ್ತೆ? ಉಸಿರು ಕಟ್ತಿದೆ, ಪಂಪು ಅಮ್ಮನ ಹತ್ರ ಇದೆ ಅಂದ್ಲು. ಅದಕ್ಕೇ ನಂಗೆ ಶಾಲು ಹೊದಿಸಿದ್ರು."

ಹಸಿಂತಾಳ ಕೈ ತಾನಾಗಿ ಜೇಬಿಗೆ ಹೋಯಿತು. ಪಂಪು ಅಲ್ಲೇ ಇತ್ತು, ಒಲೆಯ ಕಾವಿಗೆ ಬೆಚ್ಚಗಾಗಿ. ಹಿತ್ತಿಲಿಗೆ ಓಡಿದಳು. ದಿನವೂ ತೆಗೆಯುವ ಚಿಲಕ ಬೆರಳಿಗೆ ಸಿಗಲೊಲ್ಲದು. ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಒಂಟಿ ಬಿಳಿ ಚಪ್ಪಲಿ. ಮಗು ಇಲ್ಲ.

ಕೋಳಿಗೂಡಿನ ಹಿಂದೆ ನೋಡಿದಳು. ಚರಂಡಿಗೆ ಬಗ್ಗಿ ನೋಡಿದಳು, ಅಲ್ಲಿ ನೀಲಿ ಬಣ್ಣದ್ದೇನೋ ಕಂಡು ಕೈ ಹಾಕಿ ಎಳೆದಳು. ಹರಿದ ಪ್ಲಾಸ್ಟಿಕ್ ಚೀಲ. ಕೂಗಬೇಕೆಂದರೆ ಗಂಟಲಿಂದ ಸ್ವರವೇ ಹೊರಡಲಿಲ್ಲ. ಮಗುವಿಗೂ ಹೀಗೇ ಆಗಿತ್ತೇನೋ, ಅದಕ್ಕೇ ಬರೀ ಬಡಿದಿದೆ.

"ಅತ್ತಿಗೇ, ಹಂಡೆ ತಳ ಹಿಡೀತಿದೆ!" ತೋಮಾಸಾ ಒಳಗಿಂದ ಕೂಗಿದಳು.

"ಸುಟ್ಟು ಬೂದಿಯಾಗ್ಲಿ!"

ಪ್ರತಿ ವರ್ಷ ಒಂಬತ್ತು ಸಂಜೆ ಊರೆಲ್ಲ ಸೇರಿ ಹಾಡುವುದು ಒಂದೇ ಮಾತಿಗೆ, ಬಡಿದವರಿಗೆ ಬಾಗಿಲು ತೆಗೆ ಎಂದು. ಬಾಯಿಪಾಠ ಮಾಡಿದವಳೇ ಚಿಲಕ ಹಾಕಿಕೊಂಡು ನಕ್ಕಿದ್ದಳು. 'ಸ್ವಾಮಿ, ನೀನೇ ಬಂದಿದ್ದೆ, ಓಡಿಸಿಬಿಟ್ಟೆ,' ಎಂದು ಹಸಿಂತಾ ಮಣ್ಣಲ್ಲಿ ಕುಸಿದಳು. 'ಊಟ ಬೇಡ, ಹೊಗಳಿಕೆ ಬೇಡ. ಅವಳ ಉಸಿರೊಂದು ಉಳಿಸು.'

ಮುಂದಿನ ಮನೆ ನೋಡಿಕೋ. ಥಟ್ಟನೆ ನೆನಪಾಯಿತು. ಮಿರೆಯಾ ಹೇಳಿದ ಮಾತು ಕೇಳುವ ಮಗು.

ಕಸಿಲ್ದಾಳ ಬಾಗಿಲನ್ನು ಎರಡೂ ಕೈಯಿಂದ ಬಡಿದಳು.

"ಜಾಗ ಇಲ್ಲ," ಎಂದಿತು ಒಳಗಿನ ಗೊಗ್ಗರು ಸ್ವರ. "ಮುಂದಿನ ಮನೆ ನೋಡಿಕೋ."

"ಅಜ್ಜೀ, ದಮ್ಮಯ್ಯ, ನನ್ನ ಮಗು..."

"ಚೆನ್ನಾಗಿ ಹಾಡ್ತೀಯ ಕಣೆ. ನನಗೂ ಕೇಳಿಸ್ತು, ಅವಳಿಗೂ ಕೇಳಿಸ್ತು."

ಬಾಗಿಲು ತೆರೆಯಿತು. ಮಂಚದ ಮೇಲೆ ದಿಂಬಿಗೆ ಒರಗಿ ಮಿರೆಯಾ ಕೂತಿದ್ದಳು. ತುಟಿ ಬೂದಿ ಬಣ್ಣ, ಎದೆಗೂಡು ಏರಿ ಇಳಿಯುತ್ತಿತ್ತು. ಏರಿ ಇಳಿಯುತ್ತಿತ್ತು! ಪಕ್ಕದಲ್ಲಿ ಮುದುಕಿಯ ಪಂಪು.

"ನನಗೂ ಅದೇ ರೋಗ, ಎಷ್ಟೋ ವರ್ಷದಿಂದ," ಎಂದಳು ಕಸಿಲ್ದಾ. ನಡುವೆ ಇದ್ದದ್ದು ಒಂದೇ ಗೋಡೆ, ಆದರೂ ಅಜ್ಜಿಯ ಈ ರೋಗ ಹಸಿಂತಾಗೆ ಗೊತ್ತೇ ಇರಲಿಲ್ಲ.

ಮಗಳು ತಾಯಿಯ ಹಿಟ್ಟು ಮೆತ್ತಿದ ಕೈಯನ್ನು ಹೆದರುತ್ತಾ ನೋಡಿದಳು.

"ಅಮ್ಮಾ... ಕೆಲಸ... ಮುಗೀತಾ?"

"ಇಲ್ಲ ಕಂದ," ಎಂದಳು ಹಸಿಂತಾ, ನೆಲಕ್ಕೆ ಕೂತು. "ಬಿಟ್ಟು ಬಂದೆ."