ಒಂದು ಕ್ರಿಯಾಪದದ ತಗಾದೆ

ಕೋಪ ಏರಿದಷ್ಟೂ ಆಕೆಯ ಧ್ವನಿ ಇಳಿಯುತ್ತಿತ್ತು. ನ್ಯಾಯಾಲಯದ ಅನುವಾದ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಇಂಗ್ಲಿಷ್ ದಸ್ತಾವೇಜುಗಳನ್ನು ನಮ್ಮ ಮಾತಿಗೆ ತರುತ್ತಿದ್ದ ಆ ಅನುವಾದಕಿ ಪಿಸುಗುಟ್ಟಲಾರಂಭಿಸಿದಳೆಂದರೆ ಅಕ್ಕಪಕ್ಕದ ಮೇಜಿನವರು ತಂತಮ್ಮ ಕಾಗದಗಳನ್ನು ಇನ್ನೊಮ್ಮೆ ಓದಿಕೊಳ್ಳುತ್ತಿದ್ದರು. ಮೊಣಕೈ ಸವೆದ ಕಂದು ಕೋಟು, ಅದರ ಜೇಬುಗಳ ತುಂಬ ಪದಗಳ ಅರ್ಥಗಳನ್ನು ಗೀಚಿಟ್ಟ ಚೀಟಿಗಳು, ಹಿಮ್ಮಡಿಯನ್ನು ಮೊದಲು ಊರಿ ನೆಲಕ್ಕೇ ಬುದ್ಧಿ ಹೇಳುವಂಥ ನಡಿಗೆ. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ‘ಚೀಟಿಯಮ್ಮ’ ಎನ್ನುತ್ತಿದ್ದರು, ಅದು ಆಕೆಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಹಳೆಯ ಮನೆಪತ್ರವನ್ನೂ ಅದರ ಮೊಹರು ಬಿದ್ದ ಅನುವಾದವನ್ನೂ ಹಿಡಿದು ಬಂದಳು. ಅವಳ ಗಂಡ ಗಾಲಿಕುರ್ಚಿಯ ಮೇಲಿದ್ದವನು. ಮುಂಬಾಗಿಲಿಗೆ ಹದಿನಾಲ್ಕು ಮೆಟ್ಟಿಲು, ಹಿಂದಿನ ಓಣಿಯೊಂದೇ ಅವನಿಗೆ ಹೊರದಾರಿ. ಪಕ್ಕದ ಗೋದಾಮಿನ ಮಾಲೀಕ ಆ ಓಣಿಗೆ ಗೇಟು ಹಾಕಿ ಬೀಗ ಜಡಿದಿದ್ದ. ಕೇಳಿದರೆ ಅನುವಾದದ ಸಾಲನ್ನು ತೋರಿಸುತ್ತಿದ್ದ: ‘ಈ ಮನೆಯವರನ್ನು ಓಣಿಯಲ್ಲಿ ಯಾರೂ ಹೋಗಬಿಡತಕ್ಕದ್ದಲ್ಲ.’

“ಅವರು ಬೀದಿ ನೋಡಿ ಎಂಟು ತಿಂಗಳಾಯ್ತಮ್ಮ,” ಎಂದಳು ಹೆಂಗಸು.

ಮೂಲದಲ್ಲಿದ್ದದ್ದು ‘ಲೆಟ್’ ಎಂಬ ಕ್ರಿಯಾಪದ. ಇಂದಿನ ಇಂಗ್ಲಿಷಿನಲ್ಲಿ ಅದೆಂದರೆ ಬಿಡುವುದು, ಅನುಮತಿಸುವುದು, ಮನೆಯನ್ನು ಬಾಡಿಗೆಗೆ ಕೊಡುವುದು. ಆದರೆ ಅದೇ ರೂಪದ ಇನ್ನೊಂದು ಪ್ರಾಚೀನ ಕ್ರಿಯಾಪದವಿದೆ, ಅದರ ಅರ್ಥ ತದ್ವಿರುದ್ಧ: ಅಡ್ಡಿಪಡಿಸುವುದು. ‘ಲೇಟ್’ ಎಂಬುದರ ಒಡಹುಟ್ಟು ಅದು, ತಡಮಾಡಿಸುವುದೇ ತಡೆಯುವುದಾಯಿತು. ಈ ಮನೆಯವರನ್ನು ಯಾರೂ ತಡೆಯಕೂಡದೆಂದೇ ಪತ್ರ ಹೇಳಿತ್ತು.

ಅನುವಾದಕ್ಕೆ ಸಹಿ ಹಾಕಿದ್ದವನು ವಿಭಾಗದ ಮುಖ್ಯಸ್ಥನೇ. ಆಕೆ ನೆಟ್ಟಗೆ ಅವನ ಕೋಣೆಗೆ ನಡೆದಳು.

“ಲೆಟ್ ಅಂದ್ರೆ ಬಿಡೋದು ಅಂತ ಮಕ್ಕಳಿಗೂ ಗೊತ್ತು,” ಎಂದ ಅವನು, ಅಂಗೈಯಗಲದ ನಿಘಂಟೊಂದನ್ನು ಮುಂದೆ ತಳ್ಳುತ್ತ. “ಆ ಹಳೇ ಅರ್ಥ ಈಗ ಯಾರು ಬಳಸ್ತಾರೆ?”

“ಪತ್ರ ಬರೆದವರು ಬಳಸಿದಾರೆ. ನಮ್ಮಲ್ಲೂ ತಡ, ತಡೆ ಅಂತ ಇಲ್ವಾ ಸರ್?”

“ಮೊಹರು ಬಿದ್ದಾಯ್ತಲ್ಲ, ಬಿಟ್ಬಿಡಿ.”

“ಆ ಹೆಂಗಸಿನ ಗಂಡ ಅಲ್ಲಿ ಗೋಡೆ ನೋಡ್ಕೊಂಡು ಕೂತಿರುವಾಗ ಹೇಗೆ ಬಿಡ್ಲಿ?”

ಆಕೆ ತನ್ನ ಹೆಸರಿನಲ್ಲೇ ನ್ಯಾಯಾಧೀಶರಿಗೆ ಬರೆದಳು. ಮರುವಾರವೇ ಆಕೆಯನ್ನು ನೆಲಮಾಳಿಗೆಯ ಕಡತಗಳ ಕೋಣೆಗೆ ಎತ್ತಂಗಡಿ ಮಾಡಿದರು. ಅಲ್ಲಿ ಸೀನುತ್ತ, ಬೈದುಕೊಳ್ಳುತ್ತ, ಶತಮಾನದ ಧೂಳನ್ನು ಕೊಡವುತ್ತ, ಆ ಕ್ರಿಯಾಪದವನ್ನು ತಡೆಯುವ ಅರ್ಥದಲ್ಲೇ ಬಳಸಿದ ಹತ್ತೊಂಬತ್ತು ಹಳೆಯ ಪತ್ರಗಳನ್ನು ಆಕೆ ಹೆಕ್ಕಿದಳು. ಶಿಕ್ಷೆ ಕೊಟ್ಟವರು ಸಾಕ್ಷ್ಯದ ಕಣಜಕ್ಕೇ ಕಳುಹಿಸಿದ್ದರು. ವಿಚಾರಣೆಯ ದಿನ ಆಕೆ ಓದುತ್ತಿದ್ದ ಮೂರನೆಯ ಪತ್ರ ಮುಗಿಯುವಷ್ಟರಲ್ಲಿ ನ್ಯಾಯಾಧೀಶರು ಸಾಕೆಂದರು. ಸಂಜೆಯೊಳಗೆ ಬೀಗ ತೆಗೆಯಬೇಕೆಂದು ಆಜ್ಞೆ ಮಾಡಿದರು. ಬೀಗ ಬಿದ್ದ ಹನ್ನೆರಡು ತಿಂಗಳಿಗೆ ಆ ಗಂಡ ಓಣಿ ದಾಟಿ ಬೀದಿಯ ಬಿಸಿಲಿಗೆ ಬಂದ.

ಕ್ಷಮೆಯನ್ನು ಮಾತ್ರ ಯಾರೂ ಕೇಳಲಿಲ್ಲ. ‘ಮುದ್ರಣದೋಷವನ್ನು ಸರಿಪಡಿಸಲಾಗಿದೆ’ ಎಂಬ ಸುತ್ತೋಲೆಯೊಂದು ಸಹಿಗಾಗಿ ಮೇಜಿನಿಂದ ಮೇಜಿಗೆ ಬಂತು. ಆಕೆ ‘ಮುದ್ರಣದೋಷ’ವನ್ನು ಹೊಡೆದುಹಾಕಿ, ಮೇಲೆ ‘ಅಜ್ಞಾನ’ ಎಂದು ಬರೆದು, ದುಂಡಗೆ ಸಹಿ ಮಾಡಿದಳು. ನಿವೃತ್ತಿಯವರೆಗೂ ನೆಲಮಾಳಿಗೆಯಲ್ಲೇ ಉಳಿದಳು.

ಇಂಥವರನ್ನು ಕಚೇರಿಗಳು ಜಗಳಗಂಟರೆನ್ನುತ್ತವೆ. ಆದರೆ ಪದಗಳನ್ನು ಕಾಯುವವರು ಮನುಷ್ಯರನ್ನೇ ಕಾಯುತ್ತಿರುತ್ತಾರೆ. ಅವರ ಸಿಟ್ಟು ಪಾಂಡಿತ್ಯದ ಜಂಭವಲ್ಲ, ಕಾಗದದಾಚೆ ಯಾರೋ ಇದ್ದಾರೆಂಬುದನ್ನು ಮರೆಯಲಾರದವರ ಸಂಕಟ.