ಎಡೆಗೊಂದು ಮರೆ

ಎಲೆಗೆ ಕೊನೆಯದಾಗಿ ಕೋಳಿಸಾರು ಬಡಿಸಿದ ಹೂವಮ್ಮ, ಮೇಜಿನ ಮೇಲಿದ್ದ ಗಂಡನ ಫೋಟೋಕ್ಕೆ ಕೈಮುಗಿದು, "ಬನ್ನಿ, ಬಾಗಿಲು ಹಾಕನ" ಎಂದು ತಿರುಗಿದರು. ಹಾಕಲು ಬಾಗಿಲಿರಲಿಲ್ಲ.

ಬೆಳಗಿನಿಂದ ಕಡುಬು, ಸಾರು ಎಂದು ಓಡಾಡಿದ ಸೊಸೆ ಸೌಜನ್ಯಾಳಿಗೆ ಇದೊಂದು ಹೊಳೆದೇ ಇರಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಅವರು ಉಣ್ಣುವುದನ್ನು ಯಾರೂ ನೋಡಬಾರದು. ನೋಡಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ, ಮತ್ತೆ ಆ ಮನೆಗೆ ಬರುವುದಿಲ್ಲ. ಮಾವ ಶೇಷಪ್ಪ ತೀರಿಕೊಂಡ ಮೇಲೆ ಇದು ಮೊದಲ ಎಡೆ.

ತೀರ್ಥಹಳ್ಳಿಯಲ್ಲಿ ಈ ಮನೆ ಕಟ್ಟಿಸುವಾಗ ಊಟದ ಜಾಗಕ್ಕೆ ಗೋಡೆ ಬೇಡವೆಂದು ಪಟ್ಟು ಹಿಡಿದವಳು ಅವಳೇ. ಸಾಗರದ ಆರ್ಕಿಟೆಕ್ಟ್ ಪೂರ್ಣೇಶನಿಗೂ ಅದು ಹಿಡಿಸಿತ್ತು. ಅಡುಗೆಕಟ್ಟೆಯಿಂದ, ಸೋಫಾದಿಂದ, ಮಹಡಿ ಮೆಟ್ಟಿಲಿನಿಂದ, ಎಲ್ಲಿಂದ ನೋಡಿದರೂ ಊಟದ ಮೇಜು ಕಾಣಬೇಕು ಎಂದಿದ್ದ. ಮೇಜಿನ ಹಿಂದೆ ಗೋಡೆಯ ಬದಲು ನೆಲದಿಂದ ಸೂರಿನವರೆಗೆ ಗಾಜು. ಉಣ್ಣುವಲ್ಲಿ ಒಂದು ಬಾಗಿಲು ಬೇಡವೇ ಎಂದು ಶೇಷಪ್ಪ ನಕ್ಷೆ ನೋಡಿ ಕೇಳಿದ್ದರು. ಈಗ ಎಲ್ಲರ ಮನೆಯೂ ಹೀಗೇ ಎಂದು ಇವಳು ನಕ್ಕಿದ್ದಳು. ಅವರು ಮತ್ತೆ ಕೇಳಲಿಲ್ಲ. ಗೃಹಪ್ರವೇಶದ ಹೊತ್ತಿಗೆ ಅವರೇ ಇರಲಿಲ್ಲ.

ಎಡೆಯನ್ನು ಅತಿಥಿಗಳ ಕೋಣೆಗೆ ಒಯ್ಯೋಣ, ಅಲ್ಲಿ ಬಾಗಿಲಿದೆ ಎಂದ ಗಂಡ ಉಮೇಶ.

"ಮಲಗೋ ಕೋಣೇಲಾ? ನಿಮ್ಮಪ್ಪಯ್ಯ ಎಂತ ಕಾಯಿಲೆ ಬಿದ್ದಿದಾರಾ, ಅಲ್ಲಿಗೆ ಗಂಜಿ ಕೊಟ್ಟಂಗೆ ಕೊಡಕ್ಕೆ? ಬಡಿಸಿದ ಎಲೆ ಕದಲಿಸ್ಬಾರ್ದು ಕಣೋ."

ಅವನು ಸೀರೆಯೊಂದನ್ನು ತಂದು ಅಡ್ಡ ಕಟ್ಟಲು ನೋಡಿದ. ಸೂರು ಎಟುಕಲಿಲ್ಲ, ಗೋಡೆಗಳು ನುಣ್ಣಗಿದ್ದವು.

"ಒಂದು ಮೊಳೆ ಇಲ್ಲ. ಚೆಂದ ಕಟ್ಸಿದ್ರಿ" ಎಂದ ಹೂವಮ್ಮ ಸೀರೆ ಕಿತ್ತುಕೊಂಡು ಒಂದು ತುದಿಯನ್ನು ಸೊಸೆಗೆ ಕೊಟ್ಟರು. ಗಾಜಿನಾಚೆ ಯಾರೂ ಸುಳಿಯಬಾರದೆಂದು ಮಗನನ್ನು ಗೇಟಿಗೆ ಕಳಿಸಿದರು. ಫ್ಯಾನ್ ಆರಿಸಿದರು. ಇಬ್ಬರೂ ಮೇಜಿಗೆ ಮರೆಯಾಗಿ ಕೈಯೆತ್ತಿ ಸೀರೆಯನ್ನು ಅಗಲಕ್ಕೆ ಹಿಡಿದು ನಿಂತರು.

ಅತ್ತೆಯ ಸಮಾಧಾನಕ್ಕೆ ಸ್ವಲ್ಪ ಹೊತ್ತು ಹಿಡಿದರಾಯಿತು ಎಂದುಕೊಂಡಿದ್ದಳು ಸೌಜನ್ಯಾ. ಹೊರಗೆ ಬೆಳಕು ಕುಂದುತ್ತಿತ್ತು. ತೋಳು ಸೋಲತೊಡಗಿದವು. ಆಗ ಆರಿ ತಣ್ಣಗಾಗಿದ್ದ ಸಾರಿನ ವಾಸನೆ, ಬಿಸಿ ಕಡುಬನ್ನು ಮುರಿದು ಅದ್ದಿದಾಗ ಏಳುವ ಹಾಗೆ, ಒಮ್ಮೆಲೇ ಎದ್ದಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಸೀರೆ ಮೆಲ್ಲಗೆ ಇವಳ ಕಡೆ ಉಬ್ಬಿ, ಮೂಗಿಗೆ ತಾಗಿ, ಹಿಂದೆ ಸರಿಯಿತು.

"ಅತ್ತೆ, ಸಾಕಲ್ವಾ?" ಪಿಸುಗುಟ್ಟಿದಳು.

"ತಡಿ. ಇನ್ನೂ ಉಣ್ತಿದಾರೆ."

ಹೂವಮ್ಮನ ದನಿಯಲ್ಲಿ ಭಯವಿರಲಿಲ್ಲ, ಅಳುವೂ ಇರಲಿಲ್ಲ. ಯಜಮಾನರು ಉಣ್ಣುವಾಗ ಬಾಗಿಲಿಗೆ ಬಂದವರಿಗೆ ಜಗಲಿಯಲ್ಲಿ ಕೂರಲು ಹೇಳುವ ದನಿ ಅದು.

ಸೌಜನ್ಯಾಳ ಕೈಯಲ್ಲಿದ್ದ ಸೀರೆಯ ಅಂಚು ಜಾರಿ ಜಾರಿ ಹುಬ್ಬಿನವರೆಗೆ ಬಂದಿತ್ತು. ಇನ್ನೊಂದು ಬೆರಳಿನಷ್ಟು ಇಳಿದರೆ ಮೇಜು ಕಾಣುತ್ತಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ತುದಿಗಾಲಿನಲ್ಲಿ ನಿಂತು, ಅಂಚನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಳು.