ಮಾಸ್ಟರು ತಿದ್ದಿದ ಕಾಲುಚೀಲ

ತಮ್ಮೊಬ್ಬರನ್ನು ಬಿಟ್ಟು ಮಿಕ್ಕ ದರ್ಜಿಗಳೆಲ್ಲ ಗೋಣಿಚೀಲ ಹೊಲಿಯುವುದಕ್ಕಷ್ಟೇ ಲಾಯಕ್ಕು ಎಂಬುದು ಟೈಲರ್ ಮಾಸ್ಟರರ ಗಟ್ಟಿ ಅಭಿಪ್ರಾಯ. ರೆಡಿಮೇಡ್ ಅಂಗಿ ತೊಟ್ಟವನು ಅಂಗಡಿಯ ಮುಂದೆ ಹಾದುಹೋದರೂ ಮೂಗು ಮುರಿಯುತ್ತಿದ್ದರು. ಮದುವೆಯಾದಂದಿನಿಂದ ಈ ಜಂಬವನ್ನು ಸಹಿಸಿ ಸಹಿಸಿ ಹೆಂಡತಿಗೆ ಅವರ ಮೇಲೆ ಉಳಿದಿದ್ದುದು ತಾತ್ಸಾರ ಒಂದೇ. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಕತ್ತರಿಸುವ ಮೇಜಿನ ಮುಂದೆ ದಿನವಿಡೀ ನಿಂತೂ ನಿಂತೂ ಮಾಸ್ಟರರ ಎಡಗಾಲಿನ ನರಗಳು ಉಬ್ಬಿ ಹುರಿಹಗ್ಗದಂತಾಗಿದ್ದವು. ಸಂಜೆಯಾದರೆ ಪಾದ ಬಾತು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಪಾದದ ಗಂಟಿನ ಸುತ್ತ ಚರ್ಮ ಕಪ್ಪಿಟ್ಟಿತ್ತು. ಅಲ್ಲಿ ಹುಣ್ಣಾದರೆ ಸುಲಭಕ್ಕೆ ಮಾಯುವುದಿಲ್ಲ, ನಿಂತು ಮಾಡುವ ಕೆಲಸವನ್ನೇ ಮರೆಯಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಒಂದೇ ಕಡೆ ನಿಲ್ಲಬೇಡಿ, ಆಗಾಗ ನಡೆದಾಡಿ, ಮಲಗುವಾಗ ಕಾಲು ಎತ್ತರಕ್ಕಿಡಿ, ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಇದನ್ನು ಹಾಕಿಕೊಳ್ಳಿ ಎಂದು ಮೊಣಕಾಲುದ್ದದ ಬಿಗಿ ಕಾಲುಚೀಲ ಕೊಟ್ಟರು.

ಮಾಸ್ಟರು ಅದನ್ನು ಮೇಜಿನ ಮೇಲೆ ಹರವಿ ನೋಡಿದರು.

"ಯಾವ ಮುಠ್ಠಾಳ ಮಾಡಿದ್ದು ಇದನ್ನ? ಕೆಳಗೆ ಉಸಿರು ಕಟ್ಟೋ ಹಾಗೆ ಬಿಗಿ, ಮೇಲೆ ಹೋಗ್ತಾ ಸಡಿಲ! ಅಳತೇನೇ ತಲೆಕೆಳಗಾಗಿದೆ."

"ಡಾಕ್ಟರು ಕೊಟ್ಟಿದ್ದು ರೀ, ಸುಮ್ನೆ ಹಾಕ್ಕೊಳ್ಳಿ."

"ಡಾಕ್ಟರಿಗೇನು ಗೊತ್ತು ಕಟಿಂಗು? ಆತನ ಪ್ಯಾಂಟು ನೋಡಿದ್ಯಾ?"

ಕೂತು, ಪಾದದ ಗಂಟಿನ ಬಳಿ ಬಿಚ್ಚಿ, ಹಿಗ್ಗುವ ಬಟ್ಟೆಯ ತುಂಡೊಂದನ್ನು ಸೇರಿಸಿ ಸಡಿಲ ಮಾಡಿದರು. ಮೇಲೆ ಜಾರದಿರಲೆಂದು ಮೊಣಕಾಲಿನ ಕೆಳಗೆ ದಪ್ಪ ಎಲಾಸ್ಟಿಕ್ ಕೂರಿಸಿದರು. ಹೊಲಿಗೆ ಕಣ್ಣಿಗೇ ಕಾಣದಷ್ಟು ನಾಜೂಕು. ಬಂದ ಗಿರಾಕಿಗಳಿಗೆಲ್ಲ ಪ್ಯಾಂಟು ಎತ್ತಿ ತೋರಿಸಿದ್ದೇ ತೋರಿಸಿದ್ದು. ಅಂಥದ್ದೊಂದು ಕಾಲನ್ನು ಊರಿಗೆಲ್ಲ ಪ್ರದರ್ಶನಕ್ಕಿಡುವ ಗಂಡನನ್ನು ನೋಡಿ ಹೆಂಡತಿಗೆ ಹೇಸಿಗೆಯಾಯಿತು.

ಕಾಲು ಇನ್ನಷ್ಟು ಬಾತಿತು. ಅಡುಗೆಗೆ ಉಪ್ಪು ಜಾಸ್ತಿ ಹಾಕ್ತೀಯ ಎಂದು ಅವಳ ಮೇಲೆ ಹರಿಹಾಯ್ದರು. ಕೊನೆಗೆ ಕಪ್ಪಿಟ್ಟಿದ್ದ ಚರ್ಮ ಒಡೆದು ನೀರು ಸೋರತೊಡಗಿದಾಗಲೇ ಆಸ್ಪತ್ರೆಗೆ ಹೊರಟಿದ್ದು.

ನರ್ಸು ಕಾಲುಚೀಲವನ್ನು ಕಳಚಿ, ಒಳಹೊರಗು ಮಾಡಿ ನೋಡಿ, ಹುಬ್ಬು ಗಂಟಿಕ್ಕಿದಳು. "ಯಾರು ಮಾಡಿದ್ದು ಈ ಘನಕಾರ್ಯ?"

"ಇವಳು," ಅಂದರು ಮಾಸ್ಟರು, ಕಣ್ಣು ಕೂಡ ಮಿಟುಕಿಸದೆ. "ಹೇಳಿದ್ರೆ ಎಲ್ಲಿ ಕೇಳ್ತಾಳೆ?"

ನರ್ಸು ಹೆಂಡತಿಯ ಕಡೆ ತಿರುಗಿದಳು. "ಏನಮ್ಮಾ, ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು. ನರದೊಳಗಿನ ಬಾಗಿಲುಗಳು ಕೆಟ್ಟು ಅದು ಕೆಳಗೇ ನಿಲ್ತಿದೆ. ಕೆಳಗೆ ಬಿಗಿ ಇದ್ರೆ ತಾನೇ ಮೇಲಕ್ಕೆ ತಳ್ಳೋದು? ನೀವು ಮೊಣಕಾಲ ಹತ್ರ ಬಿಗಿದು, ರಕ್ತ ಹೋಗೋ ದಾರೀನೂ ಮುಚ್ಚಿದ್ದೀರ."

ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ಸಿಸ್ಟರ್, ನನಗೆ ಒಂದು ಗುಂಡಿ ಹೊಲಿಯೋಕೂ ಬರಲ್ಲ. ಮನೇಲಿ ಸೂಜಿ ಮುಟ್ಟೋಕೇ ಬಿಟ್ಟಿಲ್ಲ ಇವರು. ಆ ಹೊಲಿಗೆ ನೋಡಿ, ಎಷ್ಟು ನೀಟಾಗಿದೆ! ಅಷ್ಟು ಚೆನ್ನಾಗಿ ಹಾಳು ಮಾಡೋಕೆ ಮಾಸ್ಟರೇ ಬೇಕು."

ನರ್ಸು ತುಟಿ ಕಚ್ಚಿ ನಗು ತಡೆದಳು. ಹೆಂಡತಿಗೆ ಹೊಟ್ಟೆ ತಣ್ಣಗಾಯಿತು. ಇಷ್ಟು ವರ್ಷಕ್ಕೆ ಒಮ್ಮೆಯಾದರೂ ಈ ಮನುಷ್ಯನ ಬಾಯಿ ಕಟ್ಟಿತಲ್ಲ!

ಹುಣ್ಣು ತೊಳೆದು, ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತಿ, ನರ್ಸು ಔಷಧಿ ತರಲು ಹೋದಳು. ಮಾಸ್ಟರು ತಲೆ ಎತ್ತಲಿಲ್ಲ.

"ಕಾಲು ಉಳಿಯತ್ತೇನೇ?" ಅಂದರು, ಸಣ್ಣ ದನಿಯಲ್ಲಿ.

ನರ್ಸು ಎದುರಿಗಿದ್ದಾಗ ಕೇಳಬಹುದಿತ್ತು, ಕೇಳಿರಲಿಲ್ಲ. ದಾರದ ಬಣ್ಣ ಯಾವುದಿರಲಿ ಎಂದು ಕೂಡ ಎಂದೂ ಹೆಂಡತಿಯನ್ನು ಕೇಳಿದವರಲ್ಲ ಅವರು. ಅವಳ ನಾಲಗೆ ತುದಿಯಲ್ಲಿ ಚುಚ್ಚುಮಾತೊಂದು ಸಿದ್ಧವಾಗಿಯೇ ಇತ್ತು. ಅದು ಹೊರಗೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಉಳಿಯತ್ತೆ," ಅಂದಳು. ಏನೇನೂ ಗೊತ್ತಿಲ್ಲದ ವಿಷಯದಲ್ಲಿ ಮಾಸ್ಟರು ಹೇಳುತ್ತಿದ್ದರಲ್ಲ, ಅಷ್ಟೇ ಗಟ್ಟಿಯಾಗಿ.